ವಿಮ್ ಒಳಗೆ ಸಿಕ್ಕಿಬಿದ್ದವರಿಗೆ: ಕೀ ಒತ್ತುವ ಮೊದಲು ಕೆಳಗಿನ ಸಾಲು ಓದಿ

ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಒಂದು ಫೈಲ್ ತಿದ್ದಲು ಹೋಗಿ ವಿಮ್ ಎಂಬ ಎಡಿಟರಿನ ಒಳಗೆ ಸಿಕ್ಕಿಬಿದ್ದವರು ಎಲ್ಲರೂ ಮಾಡುವುದು ಒಂದೇ ಕೆಲಸ. ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತುವುದು. ಎಸ್ಕೇಪ್, ಎಂಟರ್, ಕಂಟ್ರೋಲ್ ಸಿ, ಕಂಟ್ರೋಲ್ ಝಡ್, ಕೊನೆಗೆ ಏನೂ ಆಗದೆ ಕಿಟಕಿಯನ್ನೇ ಮುಚ್ಚುವುದು. ಅಷ್ಟರಲ್ಲಿ ಮೊದಲಿದ್ದ ಒಂದು ಸಣ್ಣ ತೊಂದರೆಯ ಮೇಲೆ ಇನ್ನೆರಡು ಹೊಸ ತೊಂದರೆ ಕೂತಿರುತ್ತವೆ, ಯಾವುದು ಯಾವುದರಿಂದ ಬಂತು ಅಂತ ಹೇಳುವುದೇ ಕಷ್ಟ.

ನನಗೆ ಮಣಿಪಾಲದ ಪಿಜಿಗಳಿಂದ, ಮಂಗಳೂರಿನ ಒಂದೆರಡು ಸಣ್ಣ ಆಫೀಸುಗಳಿಂದ ಇಂಥ ಫೋನು ಬರುತ್ತಾ ಇರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಅಭ್ಯಾಸವಾದ ಕಾರಣ ಇಲ್ಲೂ ಕೀಗಳನ್ನು ಬಾಯಲ್ಲಿ ಹೇಳಿದ ಹಾಗೆಯೇ ಬರೆದಿದ್ದೇನೆ. ಡಬ್ಲ್ಯೂ, ಕ್ಯೂ ಅಂದರೆ ಇಂಗ್ಲಿಷಿನ ಸಣ್ಣ ಅಕ್ಷರ. ದೊಡ್ಡ ಅಕ್ಷರ ಬೇಕಾದಲ್ಲಿ ದೊಡ್ಡ ಜಿ, ದೊಡ್ಡ ಜೆ ಅಂತ ಬಿಡಿಸಿ ಹೇಳುತ್ತೇನೆ. ಕೋಲನ್‌ನಿಂದ ಶುರುವಾಗುವ ಎಲ್ಲ ಆಜ್ಞೆಗಳ ಕೊನೆಗೆ ಎಂಟರ್ ಒತ್ತಬೇಕು, ಅದನ್ನು ಪ್ರತಿ ಸಲ ಹೇಳುವುದಿಲ್ಲ.

ಮೊದಲು ಕೆಳಗೆ ನೋಡಿ

ಪರದೆಯ ತೀರಾ ಕೆಳಗಿನ ಸಾಲು ಇದೆಯಲ್ಲ, ಎಡಗಡೆ ಮೂಲೆ, ಅಲ್ಲಿ ಏನು ಬರೆದಿದೆ? ಇದು ನಾನು ಕೇಳುವ ಮೊದಲ ಪ್ರಶ್ನೆ. ಜಾಸ್ತಿ ಸಲ ಇದೊಂದೇ ಪ್ರಶ್ನೆ ಸಾಕಾಗುತ್ತದೆ.

ಇನ್ಸರ್ಟ್ ಅಂತ ಇದ್ದರೆ ನೀವು ಟೈಪ್ ಮಾಡಿದ್ದು ಫೈಲಿನೊಳಗೆ ಹೋಗುತ್ತಿದೆ. ಏನೂ ಇಲ್ಲದಿದ್ದರೆ ನಾರ್ಮಲ್ ಮೋಡ್, ಅಂದರೆ ಪ್ರತಿಯೊಂದು ಕೀಯೂ ಒಂದು ಆಜ್ಞೆ. ಡಿ ಎರಡು ಸಲ ಒತ್ತಿದರೆ ಇಡೀ ಸಾಲು ಅಳಿಸಿ ಹೋಗುತ್ತದೆ, ಪಿ ಒತ್ತಿದರೆ ಅದೇ ಸಾಲು ಮತ್ತೆ ಬಂದು ಕೂರುತ್ತದೆ, ಯು ಒತ್ತಿದರೆ ಕೊನೆಯ ಬದಲಾವಣೆ ರದ್ದು. ವಿಶುವಲ್ ಅಂತ ಇದ್ದರೆ ನೀವು ಪಠ್ಯವನ್ನು ಆಯ್ಕೆ ಮಾಡುತ್ತಿದ್ದೀರಿ. ರಿಪ್ಲೇಸ್ ಅಂತ ಇದ್ದರೆ ಇನ್ಸರ್ಟ್ ಕೀಯನ್ನು ಒಂದು ಸಲ ಜಾಸ್ತಿ ಒತ್ತಿದ್ದೀರಿ, ಹಳೆಯ ಅಕ್ಷರದ ಮೇಲೆಯೇ ಹೊಸದು ಬಂದು ಕೂರುತ್ತಿದೆ. "ನಾನು ಬರೆದ ಹಾಗೆ ಮುಂದಿನ ಅಕ್ಷರ ತಿಂದು ಹಾಕ್ತದೆ" ಎನ್ನುವ ದೂರಿಗೆ ಕಾರಣ ಇದೇ.

ಕೆಳಗೆ ಕೋಲನ್ ಕಾಣ್ತಿದ್ದು ಅದರ ಮುಂದೆ ಕರ್ಸರ್ ಮಿನುಗುತ್ತಿದ್ದರೆ ನೀವು ಆಜ್ಞೆ ಬರೆಯುವ ಜಾಗದಲ್ಲಿದ್ದೀರಿ. ಎಲ್ಲ ಕಡೆಯಿಂದಲೂ ನಾರ್ಮಲ್ ಮೋಡಿಗೆ ವಾಪಸ್ ಬರುವ ದಾರಿ ಎಸ್ಕೇಪ್. ಎರಡು ಸಲ ಒತ್ತಿದರೂ ನಷ್ಟ ಇಲ್ಲ. ಬೀಪ್ ಸದ್ದು ಬಂದರೆ ನೀವು ಆಗಲೇ ನಾರ್ಮಲ್‌ನಲ್ಲಿದ್ದಿರಿ ಅಂತ ಅರ್ಥ, ಬೈಗುಳ ಅಲ್ಲ.

ಮೂಲೆಯಲ್ಲಿರುವ ಎಸ್ಕೇಪ್ ಕೀಗೆ ಪ್ರತಿ ಸಲ ಕೈ ಚಾಚಬೇಕಲ್ಲ, ಯಾರು ಮಾಡಿದ್ದು ಇದನ್ನು, ಅಂತ ಅನಿಸುವುದು ಸಹಜ. ವಿಮ್‌ಗೆ ಮೂಲವಾದ ವಿಐ ಎಡಿಟರನ್ನು ಬಿಲ್ ಜಾಯ್ 1976ರಲ್ಲಿ ಬರ್ಕ್‌ಲಿಯಲ್ಲಿ ಬರೆದರು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಸ್ಕೇಪ್ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ. ಕಿರುಬೆರಳಿಗೆ ಪಕ್ಕದಲ್ಲೇ. ಬಾಣದ ಗುರುತುಗಳೂ ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಅಚ್ಚಾಗಿದ್ದವು. ಕೀಬೋರ್ಡ್ ಬದಲಾಯಿತು, ಅಭ್ಯಾಸ ಉಳಿಯಿತು. ಕೈ ಚಾಚಲು ಬೇಜಾರಿದ್ದರೆ ಕಂಟ್ರೋಲ್ ಜೊತೆ ಪಿ ಕೀಗೆ ತಾಗಿ ಬಲಕ್ಕಿರುವ, ಚೌಕ ಆವರಣ ತೆರೆಯುವ ಕೀ ಒತ್ತಿ, ಅದೂ ಎಸ್ಕೇಪ್ ಒತ್ತಿದಂತೆಯೇ.

ಹೊರಗೆ ಬರಲು ಬಿಡ್ತಿಲ್ಲ

ಸೇವ್ ಮಾಡಿ ಹೊರಗೆ ಬರಲು: ಎಸ್ಕೇಪ್, ಆಮೇಲೆ ಕೋಲನ್ ಡಬ್ಲ್ಯೂ ಕ್ಯೂ. ಸೇವ್ ಬೇಡ, ಮಾಡಿದ್ದೆಲ್ಲ ಬಿಟ್ಟು ಹೊರಗೆ ಹೋಗಬೇಕು ಅಂದರೆ: ಎಸ್ಕೇಪ್, ಕೋಲನ್ ಕ್ಯೂ, ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ. ಇಷ್ಟು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಆಗದಿರುವುದು ಯಾಕೆ ಅನ್ನುವುದು ಮುಖ್ಯ.

ಇ37 ಅಂತ ಸಂಖ್ಯೆಯಿರುವ ಸಂದೇಶ ಕೆಂಪಗೆ ಬಂದರೆ, ಅದು ತಪ್ಪು ಅಲ್ಲವೇ ಅಲ್ಲ. ನೀವು ಏನೋ ಬದಲಾಯಿಸಿದ್ದೀರಿ, ಸೇವ್ ಮಾಡಿಲ್ಲ, ಸುಮ್ನೆ ಬಿಟ್ಟು ಹೋಗಲು ಅದು ಒಪ್ಪುತ್ತಿಲ್ಲ. ಬದಲಾವಣೆ ಬೇಕಾದರೆ ಡಬ್ಲ್ಯೂ ಸೇರಿಸಿ, ಬೇಡವಾದರೆ ಆಶ್ಚರ್ಯಸೂಚಕ ಸೇರಿಸಿ. ಯಾವುದು ಅಂತ ಖಾತ್ರಿ ಇಲ್ಲವಾ? ಹಾಗಾದರೆ ಆಶ್ಚರ್ಯಸೂಚಕವೇ ಕ್ಷೇಮ. ಸರ್ವರಿನ ಕಾನ್ಫಿಗರೇಶನ್ ಫೈಲಿನಲ್ಲಿ ಗೊತ್ತಿಲ್ಲದೆ ಬಿದ್ದ ಒಂದು ಅಕ್ಷರ ಸೇವ್ ಆಗುವುದಕ್ಕಿಂತ ಹತ್ತು ನಿಮಿಷದ ಕೆಲಸ ಹೋಗುವುದು ವಾಸಿ.

ಇ32 ಬಂದರೆ ಫೈಲಿಗೆ ಹೆಸರೇ ಇಲ್ಲ. ಸುಮ್ನೆ ವಿಮ್ ಅಂತ ಟೈಪ್ ಮಾಡಿ ಒಳಗೆ ಬಂದವರಿಗೆ ಹೀಗಾಗುತ್ತದೆ. ಶುರುವಿನಲ್ಲಿ ಪರದೆಯ ಮಧ್ಯದಲ್ಲಿ ಆವೃತ್ತಿಯ ಸಂಖ್ಯೆ, ಬ್ರಾಮ್ ಮೂಲೆನಾರ್ ಎಂಬ ಹೆಸರು, ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಂಡಿತ್ತಾ? ಹಾಗಿದ್ದರೆ ನೀವು ಯಾವ ಫೈಲನ್ನೂ ತೆರೆದಿಲ್ಲ. ಮೂಲೆನಾರ್ 1991ರಲ್ಲಿ ವಿಮ್ ಹೊರತಂದವರು, 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ವಿಮ್ ಇಷ್ಟವಾದರೆ ಆ ಮಕ್ಕಳಿಗೆ ಹಣ ಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದರು. ಇರಲಿ, ಪರಿಹಾರ ಸುಲಭ: ಕೋಲನ್ ಡಬ್ಲ್ಯೂ, ಒಂದು ಸ್ಪೇಸ್, ಮುಂದೆ ಫೈಲಿನ ಹೆಸರು. ಎಡಗಡೆ ಸಾಲು ಸಾಲಾಗಿ ಕಾಣುವ ಟಿಲ್ಡ ಗುರುತುಗಳು ಫೈಲಿನಲ್ಲಿ ಇರುವುದಲ್ಲ. ಫೈಲು ಇಲ್ಲಿಗೆ ಮುಗಿಯಿತು ಅಂತ ತೋರಿಸುವ ಗುರುತು, ಅಳಿಸಲು ಹೋಗಬೇಡಿ.

ಇನ್ನು ಎರಡು ತೊಂದರೆ ಕ್ಯೂ ಕೀಯಿಂದಲೇ ಬರುತ್ತವೆ. ಹೊರಗೆ ಬರಬೇಕು ಅಂತ ಗಡಿಬಿಡಿಯಲ್ಲಿ ಕೋಲನ್ ಬಿಟ್ಟು ಬರೀ ಕ್ಯೂ, ಅದರ ಬೆನ್ನಿಗೇ ಇನ್ನೊಂದು ಅಕ್ಷರ ಒತ್ತಿದರೆ ವಿಮ್ ನೀವು ಒತ್ತುವ ಕೀಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಶುರು ಮಾಡುತ್ತದೆ. ಇಂಥ ಒಂದು ಫೋನು ಹೇಗಿರುತ್ತದೆ ನೋಡಿ.

"ಅಣ್ಣಾ, ವಿಮ್ ಹ್ಯಾಂಗ್ ಆಗಿದೆ."

"ಕೆಳಗೆ ಎಂತ ಬರೆದುಂಟು?"

"ಎಂತದೂ ಇಲ್ಲ ಅಣ್ಣ."

"ಸರಿ ನೋಡು ಮಾರಾಯ. ಎಡಗಡೆ."

"ಓ, ರೆಕಾರ್ಡಿಂಗ್ ಅಂತ ಉಂಟು. ನಮ್ಮ ಮಾತು ರೆಕಾರ್ಡ್ ಆಗ್ತಾ ಉಂಟಾ?"

ಮಾತು ಅಲ್ಲ, ಕೀಗಳು ಮಾತ್ರ. ಎಸ್ಕೇಪ್ ಒತ್ತಿ, ಆಮೇಲೆ ಇನ್ನೊಮ್ಮೆ ಕ್ಯೂ ಒತ್ತಿ, ಆ ಪದ ಮಾಯವಾಗುತ್ತದೆ. ಎರಡನೆಯದು, ಕೋಲನ್ ಕ್ಯೂ ಬದಲು ಕ್ಯೂ ಕೋಲನ್ ಒತ್ತಿದರೆ ಕೆಳಗೆ ಒಂದು ಸಣ್ಣ ಕಿಟಕಿ ತೆರೆದು ನಿಮ್ಮ ಹಳೆಯ ಆಜ್ಞೆಗಳೆಲ್ಲ ಪಟ್ಟಿಯಾಗಿ ಕಾಣುತ್ತವೆ. ಹೆದರಬೇಡಿ, ಅಲ್ಲಿಯೇ ಕೋಲನ್ ಕ್ಯೂ ಕೊಟ್ಟರೆ ಆ ಕಿಟಕಿ ಮಾತ್ರ ಮುಚ್ಚುತ್ತದೆ.

ಕೀಬೋರ್ಡ್ ಕನ್ನಡದಲ್ಲಿ ಇದೆಯಾ?

ಇಂಗ್ಲಿಷಿನ ವಿಮ್ ಪಾಠಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿ, ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಬರುವ ತೊಂದರೆ ಇದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಿನ ನಿಲ್ದಾಣಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆಯುತ್ತಿದ್ದೀರಿ, ಸಾಲಿಗೊಂದು ಹೆಸರು: ಉಡುಪಿ, ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಮಂಗಳೂರು. ಇನ್ಸರ್ಟ್ ಮೋಡಿನಲ್ಲಿ ಎಲ್ಲ ಚೆನ್ನಾಗಿ ಬಂತು. ಎಸ್ಕೇಪ್ ಒತ್ತಿದಿರಿ, ಕೆಳಗಿನ ಇನ್ಸರ್ಟ್ ಹೋಯಿತು, ಸರಿಯೇ. ಈಗ ಒಂದು ಸಾಲು ಅಳಿಸೋಣ ಅಂತ ಡಿ ಎರಡು ಸಲ ಒತ್ತಿದರೆ ಏನೂ ಆಗುವುದಿಲ್ಲ. ಯಾಕೆಂದರೆ ಕೀಬೋರ್ಡ್ ಇನ್ನೂ ಕನ್ನಡದಲ್ಲಿದೆ. ವಿಮ್‌ಗೆ ಹೋಗಿದ್ದು ಡಿ ಅಲ್ಲ, ದ. ದ ಎಂಬ ಆಜ್ಞೆ ವಿಮ್‌ನಲ್ಲಿ ಇಲ್ಲ.

ಯಾವ ವಿನ್ಯಾಸ ಬಳಸುತ್ತಿದ್ದೀರಿ ಎನ್ನುವುದರ ಮೇಲೆ ಲಕ್ಷಣ ಬೇರೆಯಾಗುತ್ತದೆ. ನುಡಿಯಲ್ಲಿರುವ ಕೆಜಿಪಿ ವಿನ್ಯಾಸವಾದರೆ ಕೋಲನ್ ಕೋಲನ್ ಆಗಿಯೇ ಬರುತ್ತದೆ, ಡಬ್ಲ್ಯೂ ಒತ್ತಿದಲ್ಲಿ ಡ, ಕ್ಯೂ ಒತ್ತಿದಲ್ಲಿ ಟ. ಆಗ ಇ492 ಬರುತ್ತದೆ, "ಇದು ಎಡಿಟರಿನ ಆಜ್ಞೆಯಲ್ಲ" ಎನ್ನುವ ಆ ಇಂಗ್ಲಿಷ್ ಸಾಲಿನ ಕೊನೆಗೆ "ಡಟ" ಅಂತ ಕನ್ನಡದಲ್ಲೇ ಬರೆದಿರುತ್ತದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಇನ್‌ಸ್ಕ್ರಿಪ್ಟ್ ಬಳಸುವವರ ಪಾಡು ಇನ್ನೂ ವಿಚಿತ್ರ. ಅದರಲ್ಲಿ ಸೆಮಿಕೋಲನ್ ಕೀ ಚ, ಶಿಫ್ಟ್ ಹಿಡಿದರೆ ಛ. ಅಂದರೆ ಕೋಲನ್ ಬರುವುದೇ ಇಲ್ಲ, ಕೆಳಗಿನ ಸಾಲು ಖಾಲಿಯಾಗಿಯೇ ಉಳಿಯುತ್ತದೆ, ನೋಡುವವರಿಗೆ ಇಡೀ ಎಡಿಟರ್ ಸತ್ತು ಹೋದ ಹಾಗೆ ಕಾಣುತ್ತದೆ.

ಪರಿಹಾರ: ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಉಬುಂಟುವಿನಲ್ಲೂ ವಿಂಡೋಸ್‌ನಲ್ಲೂ ಸಾಮಾನ್ಯವಾಗಿ ಇದೇ. ಲಿಪ್ಯಂತರದ ಕೀಬೋರ್ಡ್ ಆಗಿದ್ದರೆ ಇನ್ನೊಂದು ವಿಷಯ ಗಮನಿಸಿ: ಅರ್ಧ ಟೈಪ್ ಆದ ಅಕ್ಷರ ಅಡಿಗೆರೆಯೊಂದಿಗೆ ಕಾಯುತ್ತಾ ಇರುತ್ತದೆ, ಮೊದಲ ಎಸ್ಕೇಪ್ ಅದಕ್ಕೇ ಖರ್ಚಾಗಬಹುದು, ವಿಮ್‌ಗೆ ತಲುಪುವುದು ಎರಡನೆಯದು.

ಅಭ್ಯಾಸಕ್ಕೆ ಹೇಳುವುದಾದರೆ, ಕನ್ನಡ ಬರೆಯುವುದು ಇನ್ಸರ್ಟ್ ಮೋಡಿನಲ್ಲಿ ಮಾತ್ರ, ಎಸ್ಕೇಪ್ ಒತ್ತುವ ಮೊದಲೇ ಭಾಷೆ ಬದಲಿಸಿ. ತುಂಬಾ ಕನ್ನಡ ಬರೆಯುವುದಿದ್ದರೆ ಬೇರೆ ಎಡಿಟರಿನಲ್ಲಿ ಬರೆದು ಇಲ್ಲಿ ಪೇಸ್ಟ್ ಮಾಡುವುದೇ ಒಳ್ಳೆಯದು, ಮೊಂಡುತನ ಬೇಡ.

ಇನ್ನೂ ಒಂದು ದೂರು: "ಒತ್ತಕ್ಷರ ಎಲ್ಲ ಒಡೆದು ಹೋಗಿದೆ." ಸುರತ್ಕಲ್ ಎಂದು ಬರೆದರೆ ತ್ ಬೇರೆ, ಕ ಬೇರೆ ಆಗಿ ಕಾಣುತ್ತದೆ. ಇದು ಫೈಲಿನ ದೋಷ ಅಲ್ಲ. ಟರ್ಮಿನಲ್ ಎಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಅಕ್ಷರದ ಕೆಳಗೆ ಅಕ್ಷರ ಕೂರಿಸುವ ಕೆಲಸ ಬಹಳಷ್ಟು ಟರ್ಮಿನಲ್‌ಗಳಿಗೆ ಬರುವುದಿಲ್ಲ. ಅದೇ ಫೈಲನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಸರಿ ಇದ್ದರೆ ಫೈಲು ಸರಿ ಇದೆ. ಟರ್ಮಿನಲ್ಲಿನಲ್ಲಿ ಚೆಂದ ಕಾಣಲಿ ಅಂತ ಅಲ್ಲಿ ಇಲ್ಲಿ ಅಕ್ಷರ ತಿದ್ದಲು ಹೋದರೆ ನಿಜವಾಗಿ ಕೆಡುವುದು ಆಗಲೇ.

ಹುಡುಕಾಟದ ತೊಂದರೆ ಬೇರೆಯೇ ಇದೆ. ಸ್ಲಾಷ್ ಒತ್ತಿ ಸುರತ್ಕಲ್ ಅಂತ ಹುಡುಕಿದಿರಿ, ಕಣ್ಣೆದುರೇ ಪದ ಇದೆ, ಆದರೂ ಇ486, ಸಿಗಲಿಲ್ಲ ಅಂತ ಹೇಳುತ್ತದೆ. ಆ ಪದದ ಮೇಲೆ ಕರ್ಸರ್ ತಂದು ಒಂದೊಂದೇ ಅಕ್ಷರ ದಾಟಿ ನೋಡಿ. ನಡುವೆ ಎಲ್ಲಾದರೂ ಓರೆ ಆವರಣದಲ್ಲಿ 200ಸಿ ಅಂತ ಕಾಣುತ್ತದಾ? ಅದು ಕಣ್ಣಿಗೆ ಕಾಣದ ಒಂದು ಅಕ್ಷರ, ಒತ್ತಕ್ಷರ ಆಗದಂತೆ ತಡೆಯಲು ಹಾಕುವಂಥದ್ದು. ಬೇರೆಡೆ ಅಡಗಿ ಕೂರುವ ಇದನ್ನು ವಿಮ್ ಹೀಗೆ ಬಯಲಿಗೆ ತರುತ್ತದೆ, ಇದು ನನಗೆ ತುಂಬಾ ಇಷ್ಟವಾದ ಗುಣ. ಯಾವ ಅಕ್ಷರದ ಮೇಲಾದರೂ ಕರ್ಸರ್ ಇಟ್ಟು ಜಿ, ಎ ಅಂತ ಒತ್ತಿದರೆ ಅದರ ಯೂನಿಕೋಡ್ ಸಂಖ್ಯೆ ಕೆಳಗೆ ಬರುತ್ತದೆ. ಕ ಆದರೆ 0ಸಿ95, ತ ಆದರೆ 0ಸಿಎ4. ಬೇಡದ ಕಡೆ ಇರುವ 200ಸಿ ಮೇಲೆ ಎಕ್ಸ್ ಒತ್ತಿ ಅಳಿಸಿ. ಇಡೀ ಫೈಲಿನಿಂದ ಒಂದೇ ಏಟಿಗೆ ತೆಗೆಯಬೇಡಿ, "ಸುರತ್ಕಲ್‌ನಲ್ಲಿ" ಎಂಬಂಥ ಪದಕ್ಕೆ ಅದು ಬೇಕೇ ಬೇಕು, ತೆಗೆದರೆ ಲ್ ಕೆಳಗೆ ನ ಹೋಗಿ ಕೂರುತ್ತದೆ.

ಅಂಕಿಗಳನ್ನೂ ನೋಡಿ. ಪೋರ್ಟ್ ಸಂಖ್ಯೆ ಬರೆಯುವಲ್ಲಿ ಕೀಬೋರ್ಡ್ ಕನ್ನಡದಲ್ಲಿದ್ದು ೮೦೮೦ ಅಂತ ಬಿದ್ದರೆ ನಮಗೆ ಅದು ಸಂಖ್ಯೆಯೇ, ಸರ್ವರ್‌ಗೆ ಅಲ್ಲ.

ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು

ಕ್ಯಾಪ್ಸ್ ಲಾಕ್. ಬೇರೆ ಏನೂ ನೋಡಬೇಡಿ, ಮೊದಲು ಆ ದೀಪ ನೋಡಿ.

ಕೆಳಗೆ ಇಳಿಯಲು ಜೆ ಒತ್ತುತ್ತಾ ಹೋಗಿದ್ದೀರಿ, ಆದರೆ ಹೋಗಿದ್ದು ದೊಡ್ಡ ಜೆ. ಅದರ ಕೆಲಸ ಕೆಳಗಿನ ಸಾಲನ್ನು ಮೇಲಿನದಕ್ಕೆ ಜೋಡಿಸುವುದು. ಹಾಗಾಗಿ ಕಾಪು, ಪಡುಬಿದ್ರಿ, ಮೂಲ್ಕಿ ಎಲ್ಲ ಒಂದೇ ಸಾಲಿನಲ್ಲಿ ನಿಂತಿವೆ. ಮೇಲೆ ಹತ್ತಲು ಕೆ ಒತ್ತಿದವರಿಗೆ ಇನ್ನೊಂದು ಅನುಭವ: ದೊಡ್ಡ ಕೆ ಕರ್ಸರ್ ಇರುವ ಪದದ ಕೈಪಿಡಿ ಪುಟ ಹುಡುಕಲು ಹೋಗಿ, ಇಂಥದ್ದು ಇಲ್ಲ ಅಂತ ಹೇಳಿ ನಿಲ್ಲುತ್ತದೆ. ದೊಡ್ಡ ಝಡ್ ಎರಡು ಸಲ ಬಿದ್ದರಂತೂ ಸೇವ್ ಆಗಿ ಹೊರಗೇ ಬಂದುಬಿಡುತ್ತೀರಿ. ಕೋಲನ್ ಮುಂದೆ ದೊಡ್ಡ ಡಬ್ಲ್ಯೂ ಹೋದರೆ ಮತ್ತೆ ಅದೇ ಇ492.

ಕ್ಯಾಪ್ಸ್ ಲಾಕ್ ತೆಗೆದು ಆಮೇಲೆ ಯು ಒತ್ತಿ, ಒಂದೊಂದೇ ಹೆಜ್ಜೆ ಹಿಂದೆ ಬನ್ನಿ. ತೆಗೆಯದೆ ಒತ್ತಿದರೆ ಹೋಗುವುದು ದೊಡ್ಡ ಯು, ಅದರ ಲೆಕ್ಕ ಬೇರೆ. ಜಾಸ್ತಿ ಹಿಂದೆ ಹೋದರೆ ಕಂಟ್ರೋಲ್ ಆರ್ ಮತ್ತೆ ಮುಂದೆ ತರುತ್ತದೆ. ಏನೇನು ಮಾಡಿದೆ ಅಂತಲೇ ಗೊತ್ತಿಲ್ಲದಿದ್ದರೆ ಕೋಲನ್ ಅರ್ಲಿಯರ್ ಎಂಬ ಪದ ಬರೆದು, ಸ್ಪೇಸ್ ಬಿಟ್ಟು 5ಎಂ ಅಂತ ಕೊಡಿ, ಫೈಲು ಐದು ನಿಮಿಷದ ಹಿಂದೆ ಹೇಗಿತ್ತೋ ಹಾಗಾಗುತ್ತದೆ. ಕೊನೆಯ ಸಲ ಸೇವ್ ಮಾಡಿದ ಸ್ಥಿತಿಯೇ ಬೇಕಾದರೆ ಕೋಲನ್ ಇ ಆಶ್ಚರ್ಯಸೂಚಕ.

ಕರೆಂಟ್ ಹೋಯಿತು, ಈಗ ಇ325 ಬರ್ತಿದೆ

ಜೂನ್ ಬಂದ ಮೇಲೆ ನಮ್ಮ ಕಡೆ ಇದು ಜಾಸ್ತಿ. ಒಂದು ಗುಡುಗು, ಒಂದು ಮರದ ಗೆಲ್ಲು, ಮುಗಿಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಆದರೆ ವೈಫೈ ರೌಟರ್ ಆಫ್ ಆಗುತ್ತದೆ. ನೀವು ಎಸ್‌ಎಸ್‌ಎಚ್‌ನಲ್ಲಿ ಎಲ್ಲೋ ದೂರದ ಸರ್ವರಿನಲ್ಲಿ ವಿಮ್ ತೆರೆದು ಕೂತಿದ್ದರೆ ಪರದೆ ಹಾಗೇ ಕಲ್ಲಾಗಿ ನಿಲ್ಲುತ್ತದೆ. ಯಾವ ಕೀಗೂ ಉತ್ತರ ಇಲ್ಲ. ಇದು ವಿಮ್ ಹ್ಯಾಂಗ್ ಆದದ್ದಲ್ಲ, ತಂತಿಯೇ ಕಡಿದದ್ದು. ಸತ್ತ ಎಸ್‌ಎಸ್‌ಎಚ್‌ನಿಂದ ಹೊರಬರಲು ಎಂಟರ್, ಟಿಲ್ಡ, ಚುಕ್ಕಿ, ಇದೇ ಕ್ರಮದಲ್ಲಿ ಒತ್ತಿ.

ನೆಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ಅದೇ ಫೈಲ್ ತೆರೆದರೆ ಪರದೆಯ ತುಂಬ ಇಂಗ್ಲಿಷ್, ಮೇಲೆ ಇ325 ಅಟೆನ್ಶನ್. ಇಲ್ಲಿ ಜನ ಓದದೆ ಎಂಟರ್ ಒತ್ತುತ್ತಾರೆ, ಅಲ್ಲೇ ಕೆಲಸ ಕೆಡುವುದು. ವಿಷಯ ಇಷ್ಟು: ನೀವು ಬರೆಯುತ್ತಿರುವಾಗಲೇ ವಿಮ್ ಒಂದು ಸ್ವಾಪ್ ಫೈಲಿನಲ್ಲಿ ಎಲ್ಲವನ್ನೂ ಬರೆದಿಡುತ್ತಾ ಇರುತ್ತದೆ. 200 ಅಕ್ಷರ ಟೈಪ್ ಆದಾಗ, ಇಲ್ಲವೇ ನೀವು 4 ಸೆಕೆಂಡು ಸುಮ್ಮನಿದ್ದಾಗ. ಅದು ಅದೇ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ಹೆಸರಿನಲ್ಲಿ ಅಡಗಿರುತ್ತದೆ. ಸರಿಯಾಗಿ ಹೊರಗೆ ಬಂದರೆ ಅಳಿಸಿ ಹೋಗುತ್ತದೆ. ಉಳಿದಿದೆ ಅಂದರೆ ಯಾರೋ ಸರಿಯಾಗಿ ಹೊರಗೆ ಬಂದಿಲ್ಲ.

ಆ ಎಚ್ಚರಿಕೆಯಲ್ಲಿ ಹುಡುಕಬೇಕಾದದ್ದು ಪ್ರೋಸೆಸ್ ಐಡಿ ಎಂಬ ಸಾಲು. ಅದರ ಪಕ್ಕದಲ್ಲಿ ಸ್ಟಿಲ್ ರನ್ನಿಂಗ್ ಅಂತ ಇದೆಯಾ ಇಲ್ಲವಾ?

ಇಲ್ಲ ಅಂದರೆ ಹಳೆಯ ವಿಮ್ ಸತ್ತಿದೆ. ಆರ್ ಒತ್ತಿ, ಅಂದರೆ ರಿಕವರ್. ಬಂದ ಪಠ್ಯವನ್ನು ಕಣ್ಣಾರೆ ನೋಡಿ, ಕೊನೆಯ ಒಂದೆರಡು ಸಾಲು ಮಾತ್ರ ಹೋಗಿರಬಹುದು. ಸರಿ ಕಂಡರೂ ಅದೇ ಹೆಸರಿಗೆ ಸೇವ್ ಮಾಡಬೇಡಿ, ಕೋಲನ್ ಡಬ್ಲ್ಯೂ ಸ್ಪೇಸ್ ಬೇರೊಂದು ಹೆಸರು ಕೊಡಿ, ಹೊರಗೆ ಬಂದು ಡಿಫ್ ಆಜ್ಞೆಯಿಂದ ಎರಡನ್ನೂ ಹೋಲಿಸಿ. ಯಾವುದು ಬೇಕೋ ಅದನ್ನು ಉಳಿಸಿಕೊಂಡ ಮೇಲೆ ಮತ್ತೆ ಫೈಲ್ ತೆರೆಯಿರಿ, ಅದೇ ಎಚ್ಚರಿಕೆ ಬರುತ್ತದೆ, ಆಗ ಡಿ ಒತ್ತಿ ಸ್ವಾಪ್ ಫೈಲ್ ಅಳಿಸಿ. ಡಿ ಮೊದಲೇ ಒತ್ತಿದರೆ ಉಳಿದಿದ್ದ ಪ್ರತಿಯೂ ಹೋಯಿತು. ಈ ಕ್ರಮ ತಪ್ಪಿಸಬೇಡಿ ದಯವಿಟ್ಟು.

ಸ್ಟಿಲ್ ರನ್ನಿಂಗ್ ಅಂತ ಇದ್ದರೆ ಇನ್ನೊಂದು ವಿಮ್ ಎಲ್ಲೋ ಜೀವಂತವಾಗಿದೆ, ಆಗ ಡಿ ಎಂಬ ಆಯ್ಕೆಯನ್ನೇ ಅದು ಕೊಡುವುದಿಲ್ಲ. ಕ್ಯೂ ಒತ್ತಿ ಹೊರಗೆ ಬನ್ನಿ. ಸ್ವಲ್ಪ ಹೊತ್ತಿನ ಹಿಂದೆ ಕಂಟ್ರೋಲ್ ಝಡ್ ಒತ್ತಿದ್ದಿರಾ? ಅದು ಅನ್‌ಡೂ ಅಲ್ಲ, ವಿಮ್ ಅನ್ನು ನಿದ್ದೆ ಮಾಡಿಸಿ ಹಿಂದೆ ತಳ್ಳುವುದು. ಟರ್ಮಿನಲ್‌ನಲ್ಲಿ ಎಫ್ ಜಿ ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಗೆ ಬರುತ್ತೀರಿ. ಎಫ್ ಜಿ ಕೊಟ್ಟರೆ ಅಂಥ ಕೆಲಸ ಯಾವುದೂ ಇಲ್ಲ ಅನ್ನುತ್ತದಾ? ಹಾಗಾದರೆ ರೌಟರ್ ಕಥೆಯೇ. ಈ ಕಡೆ ತಂತಿ ಕಡಿದದ್ದು ಸರ್ವರ್‌ಗೆ ಇನ್ನೂ ಗೊತ್ತಾಗಿಲ್ಲ, ಹಳೆಯ ವಿಮ್ ಅಲ್ಲೇ ಕಾಯುತ್ತಾ ಕೂತಿದೆ. ಅದು ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಿ, ಆಫೀಸಿನಲ್ಲಿ ಬೇರೆಯವರೂ ಅದೇ ಫೈಲ್ ತೆರೆದಿರಬಹುದು ಅಲ್ವಾ. ನಿಮ್ಮದೇ ಆದರೆ ಕಿಲ್ ಎಂದು ಬರೆದು ಆ ಪ್ರೋಸೆಸ್ ಸಂಖ್ಯೆ ಕೊಡಿ. ಸಾಯುವ ಮೊದಲು ಅದು ಸ್ವಾಪ್ ಫೈಲನ್ನು ಉಳಿಸಿ ಹೋಗುತ್ತದೆ, ಆಮೇಲೆ ಮೇಲೆ ಹೇಳಿದ ಹಾಗೆ ಆರ್. ಮೈನಸ್ 9 ಸೇರಿಸಬೇಡಿ, ಅದು ಉಳಿಸುವುದಕ್ಕೂ ಸಮಯ ಕೊಡುವುದಿಲ್ಲ.

ಮಳೆಗಾಲ ಮುಗಿಯುವವರೆಗಾದರೂ ಸರ್ವರಿನಲ್ಲಿ ಟಿಮಕ್ಸ್ ಒಳಗೆ ಕೆಲಸ ಮಾಡಿ. ನೆಟ್ ಹೋದರೂ ಒಳಗಿನ ವಿಮ್ ನಡೆಯುತ್ತಲೇ ಇರುತ್ತದೆ, ಮತ್ತೆ ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ ಅಂದರೆ ಸಾಕು.

ಸೇವ್ ಆಗ್ತಿಲ್ಲ

ಇ45 ಮತ್ತು ಇ212 ಇವೆರಡನ್ನು ಒಂದೇ ಅಂತ ತಿಳಿಯಬೇಡಿ. ಇ45 ಅಂದರೆ ಫೈಲು ಓದಲು ಮಾತ್ರ ಅಂತ ಗುರುತಾಗಿದೆ, ಬೇಕಾದರೆ ಆಶ್ಚರ್ಯಸೂಚಕ ಹಾಕಿ ಒತ್ತಾಯಿಸಿ ನೋಡಿ ಎಂದು. ಒತ್ತಾಯಿಸಿದ ಮೇಲೆ ಇ212 ಬಂದರೆ ನಿಮಗೆ ಅನುಮತಿಯೇ ಇಲ್ಲ. ಇಟಿಸಿ ಫೋಲ್ಡರಿನ ಫೈಲನ್ನು ಸುಡೋ, ಅಂದರೆ ನಿರ್ವಾಹಕರ ಅನುಮತಿ ಕೊಡುವ ಆಜ್ಞೆ, ಇಲ್ಲದೆ ತೆರೆದವರ ಗತಿ ಇದು. ಬರೆದದ್ದನ್ನು ಬಿಡಬೇಕಾಗಿಲ್ಲ. ಕೋಲನ್ ಡಬ್ಲ್ಯೂ, ಸ್ಪೇಸ್, ಆಮೇಲೆ ನಿಮ್ಮ ಹೋಮ್ ಫೋಲ್ಡರಿನ ಒಂದು ಹೆಸರಿಗೆ ಉಳಿಸಿ, ಹೊರಗೆ ಬಂದು ಸುಡೋ ಸಿಪಿ ಆಜ್ಞೆಯಿಂದ ಮೂಲ ಜಾಗಕ್ಕೆ ನಕಲು ಮಾಡಿ. ವಿಮ್ ಒಳಗಿಂದಲೇ ಟೀ ಆಜ್ಞೆಗೆ ಕಳಿಸುವ ಒಂದು ಪ್ರಸಿದ್ಧ ಉಪಾಯ ಇದೆ, ಕೆಲಸವೂ ಮಾಡುತ್ತದೆ, ಆದರೆ ಹೊಸಬರು ಅದರಲ್ಲಿ ಒಂದು ಚಿಹ್ನೆ ತಪ್ಪಿಸಿದರೆ ಮತ್ತೊಂದು ಫೋನು. ಮುಂದಿನ ಸಲ ಸುಡೋಎಡಿಟ್ ಎಂದೇ ಫೈಲ್ ತೆರೆಯಿರಿ.

ಇ212 ಬರಲು ಇನ್ನೊಂದು ಕಾರಣ, ಫೋಲ್ಡರಿನ ಹೆಸರನ್ನೇ ತಪ್ಪು ಬರೆದಿರುವುದು. ಇಲ್ಲದ ಫೋಲ್ಡರಿನಲ್ಲಿ ವಿಮ್ ಫೈಲ್ ತೆರೆದ ಹಾಗೆ ನಟಿಸುತ್ತದೆ, ಸೇವ್ ಮಾಡುವಾಗ ಕೈಕೊಡುತ್ತದೆ. ಇ514 ಬಂದರೆ ಮಾತ್ರ ನಿಲ್ಲಿಸಿ, ಹೊರಗೆ ಬರಬೇಡಿ. ಡಿಸ್ಕ್ ತುಂಬಿರಬಹುದು. ಇನ್ನೊಂದು ಟರ್ಮಿನಲ್‌ನಲ್ಲಿ ಡಿಎಫ್ ಆಜ್ಞೆ ಕೊಟ್ಟು ನೋಡಿ, ಜಾಗ ಮಾಡಿ, ಆಮೇಲೆ ಇಲ್ಲಿ ಬಂದು ಸೇವ್ ಮಾಡಿ.

ಇನ್ನುಳಿದ ಸಣ್ಣಪುಟ್ಟವು

ಬಾಣದ ಕೀ ಒತ್ತಿದರೆ ಎ, ಬಿ, ಸಿ, ಡಿ ಅಂತ ಅಕ್ಷರ ಬೀಳುತ್ತದೆ: ನಿಮ್ಮಲ್ಲಿ ಇರುವುದು ಪೂರ್ತಿ ವಿಮ್ ಅಲ್ಲ, ಉಬುಂಟು ಜೊತೆ ಬರುವ ವಿಮ್ ಟೈನಿ. ಕೋಲನ್ ಸೆಟ್ ನೋಕಂಪಾಟಿಬಲ್ ಕೊಟ್ಟರೆ ಆ ಹೊತ್ತಿಗೆ ಸರಿಯಾಗುತ್ತದೆ, ಪೂರ್ತಿ ವಿಮ್ ಇನ್‌ಸ್ಟಾಲ್ ಮಾಡಿದರೆ ಶಾಶ್ವತವಾಗಿ. ಪೇಸ್ಟ್ ಮಾಡಿದ ಕೋಡ್ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಹೋದರೆ ಯು ಒತ್ತಿ ರದ್ದು ಮಾಡಿ, ಕೋಲನ್ ಸೆಟ್ ಪೇಸ್ಟ್ ಕೊಟ್ಟು, ಇನ್ಸರ್ಟ್ ಮೋಡಿಗೆ ಹೋಗಿ ಮತ್ತೆ ಪೇಸ್ಟ್ ಮಾಡಿ, ಮುಗಿದ ಮೇಲೆ ಸೆಟ್ ನೋಪೇಸ್ಟ್. ಇನ್ಸರ್ಟ್‌ಗೆ ಹೋಗಲು ಮರೆತು ನಾರ್ಮಲ್ ಮೋಡಿನಲ್ಲೇ ಪೇಸ್ಟ್ ಮಾಡಿದರೆ ಪ್ರತಿ ಅಕ್ಷರವೂ ಆಜ್ಞೆಯಾಗಿ ಓಡುತ್ತದೆ, ಫೈಲು ಹೇಗೆ ಕಾಣುತ್ತದೆ ಅಂತ ಕೇಳಬೇಡಿ, ಅಂಥಲ್ಲಿ ನೇರವಾಗಿ ಕೋಲನ್ ಇ ಆಶ್ಚರ್ಯಸೂಚಕ.

ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿ ಪರದೆ ನಿಂತುಹೋದರೆ ಕಂಟ್ರೋಲ್ ಕ್ಯೂ ಒತ್ತಿ. ಹಳೆಯ ಸರ್ವರ್‌ಗಳಲ್ಲಿ ಇದು ಇನ್ನೂ ಆಗುತ್ತದೆ. ನಿಂತಿದ್ದಾಗ ಒತ್ತಿದ ಕೀಗಳೆಲ್ಲ ಒಟ್ಟಿಗೆ ಓಡಿಬಿಡುತ್ತವೆ, ಅದಕ್ಕೇ ಏನೂ ಕಾಣದಿದ್ದಾಗ ಏನೂ ಒತ್ತಬಾರದು.

ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಇಲ್ಲಿ ಓಡದೆ, ಇದ್ದ ಫೈಲನ್ನೇ ಇಲ್ಲ ಅಂತ ಹೇಳಿದರೆ ಅದನ್ನು ವಿಮ್‌ನಲ್ಲಿ ತೆರೆದು ಮತ್ತೆ ಕೆಳಗಿನ ಸಾಲು ನೋಡಿ. ಚೌಕ ಆವರಣದಲ್ಲಿ ಡಾಸ್ ಅಂತ ಕಂಡರೆ ಸಾಲಿನ ಕೊನೆಯ ಗುರುತು ವಿಂಡೋಸಿನದ್ದು. ಕೋಲನ್ ಸೆಟ್ ಎಫ್ ಎಫ್ ಸಮ ಚಿಹ್ನೆ ಯುನಿಕ್ಸ್, ಆಮೇಲೆ ಸೇವ್.

ನಾನು ವಿಮ್ ತೆರೆದೇ ಇಲ್ಲ, ಅದೇ ಬಂತು

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಲು, ಅಂದರೆ ಬದಲಾವಣೆ ದಾಖಲಿಸಲು, ಹೋದವರ ದೂರು ಇದು. ಸಂದೇಶ ಕೊಡದೆ ಕಮಿಟ್ ಅಂದರೆ ಗಿಟ್ ಒಂದು ಎಡಿಟರ್ ತೆರೆಯುತ್ತದೆ, ಬೇರೆ ಏನೂ ಹೇಳಿರದಿದ್ದರೆ ಬಹಳ ಕಡೆ ಅದು ವಿಐ. ಐ ಒತ್ತಿ, ಸಂದೇಶ ಬರೆದು, ಎಸ್ಕೇಪ್, ಕೋಲನ್ ಡಬ್ಲ್ಯೂ ಕ್ಯೂ. ಕಮಿಟ್ಟೇ ಬೇಡ ಅನಿಸಿದರೆ ಕೋಲನ್ ಸಿ ಕ್ಯೂ. ವಿಮ್ ಆಗ ಸೋತೆ ಅಂತ ಹೇಳಿ ಹೊರಬರುತ್ತದೆ, ಗಿಟ್ ಕಮಿಟ್ ಕೈಬಿಡುತ್ತದೆ. ಹಳೆಯ ಕಮಿಟ್ ತಿದ್ದುವಾಗ ಇದು ತುಂಬಾ ಉಪಯೋಗ, ಯಾಕೆಂದರೆ ಅಲ್ಲಿ ಸಂದೇಶ ಆಗಲೇ ಇರುತ್ತದೆ, ಸುಮ್ನೆ ಕ್ಯೂ ಕೊಟ್ಟು ಬಂದರೆ ತಿದ್ದುಪಡಿ ನಡೆದೇ ಹೋಗುತ್ತದೆ.

ವಿಮ್ ಬೇಡವೇ ಬೇಡ ಅನ್ನುವವರು ನ್ಯಾನೋ ಎಂಬ ಸರಳ ಎಡಿಟರ್ ಬಳಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪರದೆಯ ಕೆಳಗಿನ ಎರಡು ಸಾಲಿನಲ್ಲಿ ಮುಖ್ಯ ಕೀಗಳೆಲ್ಲ ಬರೆದಿರುತ್ತವೆ, ಟೋಪಿ ಗುರುತು ಅಂದರೆ ಕಂಟ್ರೋಲ್. ಕಂಟ್ರೋಲ್ ಓ ಸೇವ್, ಕಂಟ್ರೋಲ್ ಎಕ್ಸ್ ಹೊರಗೆ. ಉಳಿಸಬೇಕಾ ಅಂತ ಕೇಳಿದರೆ ವೈ, ಆಮೇಲೆ ಹೆಸರು ತೋರಿಸುತ್ತದೆ, ಅದಕ್ಕೆ ಎಂಟರ್. ಆ ಎಂಟರ್ ಮರೆತು "ನ್ಯಾನೋ ಕೂಡ ಸಿಕ್ಕಿಹಾಕಿಕೊಂಡಿದೆ" ಅನ್ನುವವರಿದ್ದಾರೆ. ಗಿಟ್‌ಗೆ ಹೇಳಲು ಗಿಟ್ ಕಾನ್ಫಿಗ್‌ನ ಗ್ಲೋಬಲ್ ಆಯ್ಕೆಯಲ್ಲಿ ಕೋರ್ ಡಾಟ್ ಎಡಿಟರ್ ಎಂಬುದಕ್ಕೆ ನ್ಯಾನೋ ಅಂತ ಕೊಡಿ. ಉಬುಂಟುವಿನಲ್ಲಿ ಕ್ರಾನ್‌ಟ್ಯಾಬ್‌ಗೆ, ಅಂದರೆ ನಿಗದಿತ ಹೊತ್ತಿಗೆ ಓಡುವ ಕೆಲಸಗಳ ಪಟ್ಟಿಗೆ, ಬೇರೆ ಎಡಿಟರ್ ಬೇಕಾದರೆ ಸೆಲೆಕ್ಟ್ ಹೈಫನ್ ಎಡಿಟರ್ ಎಂಬ ಆಜ್ಞೆ ಕೊಟ್ಟು ಪಟ್ಟಿಯಿಂದ ಸಂಖ್ಯೆ ಆರಿಸಿ.

ಆದರೂ ಬೇರೆಯವರ ಸರ್ವರಿನಲ್ಲಿ ನ್ಯಾನೋ ಇಲ್ಲದಿರಬಹುದು, ವಿಐ ಮಾತ್ರ ಇದ್ದೇ ಇರುತ್ತದೆ ಎನ್ನಬಹುದು. ಅದಕ್ಕಾಗಿ ಪೂರ್ತಿ ವಿಮ್ ಇರುವ ಕಂಪ್ಯೂಟರಿನಲ್ಲಿ ವಿಮ್‌ಟ್ಯೂಟರ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಅರ್ಧ ಗಂಟೆಯ ಪಾಠ, ವಿಮ್ ಒಳಗೇ ತೆರೆಯುತ್ತದೆ. ತೆರೆಯುವುದು ಪಾಠದ ನಕಲು ಪ್ರತಿ, ಏನು ಅಳಿಸಿದರೂ ಮೂಲ ಕೆಡುವುದಿಲ್ಲ. ಕೀಬೋರ್ಡ್ ಇಂಗ್ಲಿಷಿನಲ್ಲಿರಲಿ.